ಅಂಟು ಬಿಟ್ಟುಕೊಟ್ಟ ಗುಟ್ಟು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಡಲು ಒಳನಾಡಿಗೆ ಚಾಚಿಕೊಂಡ ಜಾಗವೊಂದಿದೆ, ಹೆಸರು ಲಾಕ್ ಎಟಿವ್. ನಮ್ಮ ಕರಾವಳಿಯವರು ಪಚ್ಚಿಲೆ, ನೀಲಿಕಲ್ಲು ಎಂದು ಕರೆಯುವ ಚಿಪ್ಪುಜೀವಿಯ ತಣ್ಣೀರಿನ ದಾಯಾದಿಯನ್ನು ಅಲ್ಲಿ ಹಗ್ಗದ ಮೇಲೆ ಬೆಳೆಸುತ್ತಾರೆ. ಬಿತ್ತನೆಯ ಕೆಲಸ ಕಡಲಿನದೇ. ಕೆಲವು ವಾರ ನೀರಲ್ಲಿ ತೇಲಾಡಿದ ಕಾಡುಮರಿಗಳು ತಾವಾಗಿ ಬಂದು ಹಗ್ಗ ಹಿಡಿಯುತ್ತವೆ. ಹಾಗಾಗಿ ಸಾಕಿದ್ದು ಯಾವುದು, ಕಾಡಿನದು ಯಾವುದು ಎಂಬುದು ಬರೀ ವಿಳಾಸದ ವ್ಯತ್ಯಾಸ.

ಹೀಗೆ ಬಂದವುಗಳಲ್ಲಿ ಕೆಲವು ಕೃಷಿಕರಿಗೆ ತಲೆನೋವಾದವು. ಚಿಪ್ಪು ತೆಳು, ಒಳಗೆ ಮಾಂಸ ಕಮ್ಮಿ. ವಿಂಗಡಿಸುವ ಯಂತ್ರಕ್ಕೆ ಹಾಕಿದರೆ ಪುಡಿ. ಮಾರಾಟಕ್ಕೆ ಒಗ್ಗುವ ಪ್ರಭೇದ ಮಿಟಿಲಸ್ ಎಡುಲಿಸ್. ಅದರ ನಡುವೆ ಸೇರಿಕೊಂಡದ್ದು ಮಿಟಿಲಸ್ ಟ್ರೊಸುಲಸ್. ಕಣ್ಣಳತೆಯಲ್ಲಿ ಇವನ್ನು ಬೇರ್ಪಡಿಸುವುದು ನಂಬುವ ಕೆಲಸವಲ್ಲ. ಆಹಾರ, ಆಳ, ಇಕ್ಕಟ್ಟು ಬದಲಾದರೆ ಚಿಪ್ಪಿನ ಆಕಾರವೂ ಬದಲಾಗುತ್ತದೆ.

ಗುಟ್ಟು ಬಿಟ್ಟುಕೊಟ್ಟದ್ದು ಅಂಟು. ಈ ಜೀವಿ ಬಂಡೆಗೋ ಹಗ್ಗಕ್ಕೋ ಕಚ್ಚಿಕೊಳ್ಳಲು ಒಂದು ಪ್ರೋಟೀನ್ ತಯಾರಿಸುತ್ತದೆ. ಅದರ ಜೀನ್‌ನಲ್ಲಿ ಒಂದು ಭಾಗದ ಉದ್ದ ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಎಂಬುದನ್ನು 1995ರಲ್ಲಿ ಇನೌಯೆ ಮತ್ತು ಸಂಗಡಿಗರು ಪ್ರಕಟಿಸಿದರು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಗೊತ್ತಿರುವ ಪಿಸಿಆರ್‌ನಿಂದ ಆ ಭಾಗದ ನಕಲುಗಳನ್ನು ತೆಗೆದು ಜೆಲ್‌ನಲ್ಲಿ ಓಡಿಸಿದರೆ, ಗಿಡ್ಡ ತುಣುಕು ಮುಂದೆ, ಉದ್ದದ್ದು ಹಿಂದೆ. ಎಡುಲಿಸ್‌ನದು 180 ಡಿಎನ್‌ಎ ಅಕ್ಷರ, ಟ್ರೊಸುಲಸ್‌ನದು 168, ಮೆಡಿಟರೇನಿಯನ್ ಮೂಲದ ಗ್ಯಾಲೊಪ್ರೊವಿನ್ಷಿಯಾಲಿಸ್‌ನದು 126. ಒಂದೇ ಜೀವಿಯಲ್ಲಿ 180, 168 ಎರಡೂ ಗೆರೆ ಮೂಡಿದರೆ ಅದು ಮಿಶ್ರತಳಿ. ಲಾಕ್ ಎಟಿವ್‌ನಲ್ಲಿ ಅಂಥವೂ ಸಿಕ್ಕವು.

ಸ್ಕಾಟ್ಲೆಂಡ್ 2013ರ ಕಾಯ್ದೆಯಡಿ ಟ್ರೊಸುಲಸ್‌ಗೆ ‘ವಾಣಿಜ್ಯಕ್ಕೆ ಹಾನಿಕರ’ ಎಂಬ ಹಣೆಪಟ್ಟಿ ಹಚ್ಚಿತು. ಮರಿ ಕಚ್ಚಿದ ಹಗ್ಗವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೆ ಇದೂ ಜತೆಗೇ ಹೋಗುತ್ತದಲ್ಲ! ಆದರೆ ಇದು ಹೊರಗಿನಿಂದ ನುಗ್ಗಿದ್ದೇ ಅಲ್ಲ, ಹಿಮಯುಗದ ನಂತರ ಅಲ್ಲೇ ಉಳಿದುಕೊಂಡ ಹಳೆಯ ಒಕ್ಕಲಿರಬಹುದು ಎಂಬ ವಾದವಿದೆ. ಹಾಗಿದ್ದರೆ ಅಪರಾಧಿ ಪಟ್ಟ ಕೊಂಚ ಅನ್ಯಾಯವೇ. ಬಂಡೆಯ ಮೇಲೆ ಅಷ್ಟಿಷ್ಟು ಬದುಕಿಕೊಂಡಿದ್ದ ಜೀವಿಗೆ ಹಗ್ಗದ ಉಯ್ಯಾಲೆ ಕಟ್ಟಿಕೊಟ್ಟವರು ನಾವೇ.

ಒಂದೇ ಗುರುತು ನೆಚ್ಚಿ ಕೂರುವಂತೆಯೂ ಇಲ್ಲ. ಮಿಶ್ರತಳಿ ಮತ್ತೆ ಎಡುಲಿಸ್ ಜತೆ ಕೂಡಿದರೆ, ಮರಿಗಳಲ್ಲಿ ಅರ್ಧದಷ್ಟು ಈ ಪರೀಕ್ಷೆಯಲ್ಲಿ ಅಪ್ಪಟ ಎಡುಲಿಸ್ ಎಂದೇ ಪಾಸಾಗುತ್ತವೆ. ಅದಕ್ಕೇ ಈಗ ಜೀನೋಮ್‌ನ ಉದ್ದಗಲಕ್ಕೂ ಹರಡಿದ, ಒಂದೊಂದೇ ಅಕ್ಷರದ ಹಲವಾರು ವ್ಯತ್ಯಾಸಗಳನ್ನು ಒಟ್ಟಿಗೆ ಓದುತ್ತಾರೆ.