ಮಾಡಿದ ಕೆಲಸವನ್ನು ತೋರಿಸಲಾಗದವರು: ಸಾಫ್ಟ್‌ವೇರ್ ಅರ್ಜಿದಾರರ ಬಗ್ಗೆ ವಿದ್ಯಾರ್ಥಿವೇತನ ಸಮಿತಿಯ ವಿವರಣೆ



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಈಗ ಕಾಲೇಜು ಮಕ್ಕಳಷ್ಟೇ ಅಲ್ಲ. ಮೂರು ನಾಲ್ಕು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದು, ಮನೆಯ ಸಾಲ ತೀರಿಸಿ, ಈಗ ಎಂ.ಸಿ.ಎ. ಅಥವಾ ಎಂ.ಟೆಕ್. ಓದಲು ಹೊರಟವರೂ ಇದ್ದಾರೆ. ಅರ್ಜಿಯಲ್ಲಿ ‘ನೀವು ಮಾಡಿದ ಕೆಲಸದ ಮಾದರಿ’ ಎಂಬ ಕಲಂ ಉಂಟು. ಟೈಲರಿಂಗ್ ಕಲಿತ ಹೆಣ್ಣುಮಗಳು ತಾನು ಹೊಲಿದ ಬಟ್ಟೆ ತರುತ್ತಾಳೆ. ಡಿಪ್ಲೊಮಾ ಹುಡುಗ ಲೇತ್ ಮೇಲೆ ಮಾಡಿದ ಬಿಡಿಭಾಗ ತರುತ್ತಾನೆ. ಸಾಫ್ಟ್‌ವೇರ್‌ನವರು ಮಾತ್ರ ಆ ಜಾಗವನ್ನು ಖಾಲಿ ಬಿಡುತ್ತಾರೆ. “ಇಷ್ಟು ವರ್ಷ ಏನು ಮಾಡಿದೆಯಪ್ಪ, ತೋರಿಸು” ಎಂದು ಸಂದರ್ಶನದಲ್ಲಿ ಹಿರಿಯರು ಕೇಳಿದರೆ, “ತೋರಿಸೋಕೆ ಆಗಲ್ಲ ಸರ್” ಎನ್ನುತ್ತಾರೆ. ಹುಡುಗನಿಗೆ ಕೆಲಸ ಬರುವುದಿಲ್ಲವೇನೋ, ಸುಳ್ಳು ಹೇಳುತ್ತಿದ್ದಾನೇನೋ ಎಂಬ ಅನುಮಾನ ಏಳುವುದು ಸಹಜ. ಮನೆಗೆ ಸಂಬಂಧ ನೋಡಲು ಬಂದವರಿಗೂ ಇದೇ ಅನುಮಾನ. ಆದರೆ ಬಹಳಷ್ಟು ಸಲ ಅವರು ಹೇಳುವುದು ನಿಜ. ಕಾರಣಗಳನ್ನು ಸದಸ್ಯರು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಬರೆದವರು ಬೇರೆ, ಒಡೆಯರು ಬೇರೆ

1957ರ ಹಕ್ಕುಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದೆ. ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಮಿಗೆ ಮೊದಲ ಒಡೆಯ ಕೆಲಸ ಕೊಟ್ಟವನೇ. ಬರೆದವನು ಕೆಲಸ ಬಿಡುವ ದಿನ ಕಂಪನಿಯ ಲ್ಯಾಪ್‌ಟಾಪನ್ನು ಹಿಂದಿರುಗಿಸಿ ಬರಿಗೈಯಲ್ಲಿ ಬರಬೇಕು. ಸ್ವತಂತ್ರವಾಗಿ ಕೆಲಸ ಹಿಡಿಯುವವರ ಸ್ಥಿತಿ ಸ್ವಲ್ಪ ಬೇರೆ. ಬರವಣಿಗೆಯಲ್ಲಿ ವರ್ಗಾಯಿಸುವವರೆಗೆ ಹಕ್ಕು ಸಾಮಾನ್ಯವಾಗಿ ಅವರದೇ. ಆದರೆ ಗಿರಾಕಿ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಆ ವರ್ಗಾವಣೆ ಹೆಚ್ಚಾಗಿ ಇದ್ದೇ ಇರುತ್ತದೆ. ಓದದೆ ಸಹಿ ಹಾಕಬಾರದು.

ಗಿರಾಕಿಯ ಗುಟ್ಟು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅಲ್ಲಿಂದೀಚೆಗೆ ಹೊರದೇಶದ ಕಂಪನಿಗಳ ಕೆಲಸ ಈ ಊರಿನಲ್ಲಿ ಬೆಳೆಯುತ್ತಲೇ ಬಂದಿದೆ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡಿಗೆ ಹೋಗುವ ನಮ್ಮ ಮಕ್ಕಳು ಯಾವುದೋ ದೇಶದ ಬ್ಯಾಂಕಿಗೋ ಆಸ್ಪತ್ರೆಗೋ ಕೆಲಸ ಮಾಡುತ್ತಿರುತ್ತಾರೆ. ಕೆಲವು ಒಪ್ಪಂದಗಳಲ್ಲಿ ಆ ಗಿರಾಕಿಯ ಹೆಸರನ್ನೂ ಹೇಳಬಾರದೆಂಬ ಷರತ್ತು ಇರುತ್ತದೆ. ಜನರ ಖಾಸಗಿ ಮಾಹಿತಿ ಸೇರಿದ್ದರೆ ವಿಷಯ ಇನ್ನೂ ಗಂಭೀರ. ಒಪ್ಪಂದದ ಕೆಲಸದಲ್ಲಿ ಕೈಗೆ ಬಂದ ಅಂಥ ಮಾಹಿತಿಯನ್ನು, ನಷ್ಟವಾಗಬಹುದೆಂದು ತಿಳಿದೂ, ಅನುಮತಿಯಿಲ್ಲದೆ ಹೊರಗೆ ಬಿಟ್ಟರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಮಿನಡಿ 3 ವರ್ಷಗಳವರೆಗೆ ಜೈಲಾಗಬಹುದು.

ಬರೀ ಕೋಡ್ ತೋರಿಸಿದರೆ ಏನಾಗುತ್ತದೆ ಎಂದು ಕೇಳಬಹುದು. 2016ರಲ್ಲಿ ಊಬರ್ ಕಂಪನಿಯ ಕೋಡ್ ಇಟ್ಟಿದ್ದ ಖಾಸಗಿ ಸಂಗ್ರಹಕ್ಕೆ ಕಳ್ಳರು ನುಗ್ಗಿದರು. ಕೋಡ್ ನಡುವೆ ಉಳಿದಿದ್ದ ಕೀಲಿಪದ ಅವರ ಕೈಗೆ ಸಿಕ್ಕಿ, ಸುಮಾರು 5.7 ಕೋಟಿ ಜನರ ಮಾಹಿತಿ ಕಳುವಾಯಿತು. ಬೀಗ ಹಾಕಿದ್ದ ಜಾಗದಲ್ಲೇ ಹೀಗಾದರೆ ಬಯಲಿನಲ್ಲಿ ಇಟ್ಟರೆ ಹೇಗೆ?

ಕಣ್ಣಿಗೆ ಕಾಣದ ಕೆಲಸ

ಅನುಮತಿ ಇದ್ದರೂ ತೋರಿಸಲು ಏನೂ ಇಲ್ಲದಿರಬಹುದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 2 ಕೋಟಿ ಪಹಣಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಸಾಫ್ಟ್‌ವೇರ್ ರೂಪಿಸಿದ್ದು ಎನ್‌ಐಸಿ. ತಾಲ್ಲೂಕು ಕಚೇರಿಯಲ್ಲಿ ರೈತನ ಕೈಗೆ ಸಿಗುವುದು ಒಂದು ಹಾಳೆ. ಅದರ ಹಿಂದೆ ಕೋಡ್ ಬರೆದವರ ಹೆಸರು ಆ ಹಾಳೆಯಲ್ಲಿ ಇರುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕೂ ಹಾಗೆಯೇ. ದೊಡ್ಡ ವ್ಯವಸ್ಥೆಯಲ್ಲಿ ನೂರಾರು ಜನ ಕೈ ಹಾಕಿರುತ್ತಾರೆ. ಒಬ್ಬರು ಬರೆದ ತುಂಡನ್ನು ಬೇರ್ಪಡಿಸಿ ಮನೆಯಲ್ಲಿ ಓಡಿಸಿದರೆ ಅದು ಓಡುವುದೂ ಇಲ್ಲ.

ಅಮಾನತ್ತಿನ ಮಾತು

ಇನ್ನೊಬ್ಬರ ವಸ್ತುವನ್ನು ಕಾಯುವುದು ನಮಗೆ ಹೊಸ ಪಾಠವಲ್ಲ. ಪ್ರವಾದಿ ಮುಹಮ್ಮದ್ (ಸ) ಅವರನ್ನು ಮಕ್ಕಾದ ಜನ ಅಲ್ ಅಮೀನ್ ಎಂದು ಕರೆಯುತ್ತಿದ್ದರು. ಹಿಜ್‌ರತ್ ಹೊರಟಾಗಲೂ, ತಮ್ಮಲ್ಲಿ ಜನ ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲು ಹಝ್ರತ್ ಅಲಿ (ರ) ಅವರನ್ನು ಹಿಂದೆ ಬಿಟ್ಟು ಹೋದರೆಂದು ಚರಿತ್ರೆ ಹೇಳುತ್ತದೆ. ಕಂಪನಿಯ ಕೋಡ್ ಕೂಡ ಅಮಾನತ್ತೇ. ಹಾಗಾಗಿ “ತೋರಿಸೋಕೆ ಆಗಲ್ಲ” ಎಂದ ಹುಡುಗನನ್ನು ಅದೇ ಕಾರಣಕ್ಕೆ ಕೆಳಗಿಳಿಸುವುದು ನ್ಯಾಯವಲ್ಲ. ಕಂಪನಿಯ ಕೋಡನ್ನು ಕದ್ದು ತಂದು ತೋರಿಸಿದವನಿಗೆ ಹೆಚ್ಚು ಅಂಕ ಕೊಡುವುದಂತೂ ಸಲ್ಲದು.

ಅರ್ಜಿದಾರರಿಗೆ ಸೂಚನೆ

1. ಕಂಪನಿಯ ಕೋಡ್, ಪರದೆಯ ಚಿತ್ರ, ಗಿರಾಕಿಯ ಹೆಸರು ಅಥವಾ ಮಾಹಿತಿಯನ್ನು ಲಗತ್ತಿಸಬೇಡಿ. ಲಗತ್ತಿಸಿದರೆ ಸಮಿತಿ ಪರಿಗಣಿಸುವುದಿಲ್ಲ.

2. ಬದಲಿಗೆ ಸ್ವಂತ ಮಾತಿನಲ್ಲಿ ಒಂದು ಪುಟ ಬರೆಯಿರಿ: ಸಮಸ್ಯೆ ಏನಿತ್ತು, ತಂಡದಲ್ಲಿ ನಿಮ್ಮ ಪಾಲು ಯಾವುದು, ಏನು ಕಲಿತಿರಿ. ಹೆಸರುಗಳು ಬೇಡ. ಅನುಭವ ಪತ್ರ ಇದ್ದರೆ ಜೊತೆಗಿಡಿ.

3. ಬಿಡುವಿನಲ್ಲಿ, ಸ್ವಂತ ಕಂಪ್ಯೂಟರಿನಲ್ಲಿ ಮಾಡಿದ ಸಣ್ಣ ಕೆಲಸವನ್ನು ತೋರಿಸಬಹುದು. ಬಿಡುವಿನ ಕೆಲಸದ ಬಗ್ಗೆಯೂ ಕೆಲವು ಕಂಪನಿಗಳು ಷರತ್ತು ಹಾಕುವುದುಂಟು. ನಿಮ್ಮ ನೇಮಕಾತಿ ಒಪ್ಪಂದವನ್ನು ಮೊದಲು ಓದಿ.

4. ಮುಕ್ತ ತಂತ್ರಾಂಶಗಳಿಗೆ ನೆರವಾಗಿದ್ದರೆ ತಿಳಿಸಿ. ಅಲ್ಲಿ ಯಾರು, ಯಾವ ದಿನ, ಯಾವ ಸಾಲು ಬರೆದರೆಂಬ ದಾಖಲೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಬೆಂಗಳೂರಿನದೇ ಆದ ಝೆರೋಧಾದಂಥ ಕಂಪನಿಗಳೂ ತಮ್ಮ ಕೆಲವು ತಂತ್ರಾಂಶಗಳನ್ನು ಮುಕ್ತವಾಗಿ ಕೊಟ್ಟಿವೆ.

5. ಕಾಲೇಜಿನಲ್ಲೇ ಮಾಡಿದ ಅಂತಿಮ ವರ್ಷದ ಪ್ರಾಜೆಕ್ಟನ್ನು ತರಬಹುದು. ಕಂಪನಿಯೊಂದರಲ್ಲಿ ಇಂಟರ್ನ್ ಆಗಿ ಮಾಡಿದ್ದರೆ ಮೊದಲು ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ.

6. ತೋರಿಸಲು ಏನೂ ಇಲ್ಲದವರು ಚಿಂತಿಸಬೇಡಿ. ಸಂದರ್ಶನದ ದಿನ ವಿಷಯ ಬಲ್ಲವರು ಒಂದು ಸಣ್ಣ ಲೆಕ್ಕ ಕೊಡುತ್ತಾರೆ. ಅಲ್ಲೇ ಕುಳಿತು ಬಿಡಿಸಿ, ಹೇಗೆ ಯೋಚಿಸಿದಿರೆಂದು ಹೇಳಿದರೆ ಸಾಕು.

ಝಕಾತ್ ಮತ್ತು ಸದಕಾದ ಹಣ ಅರ್ಹರಿಗೇ ತಲುಪಬೇಕೆಂಬುದು ದಾನಿಗಳ ಆಶಯ. ಆ ಅರ್ಹತೆಯನ್ನು ಹೀಗೆ ಅಳೆದರೆ, ಬಾಯಿ ಬಿಡದೆ ದುಡಿದವರ ಪಾಲು ತಪ್ಪಿಹೋಗದು, ಇನ್‌ಶಾ ಅಲ್ಲಾಹ್.

ವಿದ್ಯಾರ್ಥಿವೇತನ ಸಮಿತಿಯ ಪರವಾಗಿ,
ಗೋವಿಂದರಾಜನಗರ, ಬೆಂಗಳೂರು