ಝೈತೂನ್ ಭರಣಿ: ಹುಳಿ ಎಷ್ಟು, ಉಪ್ಪು ಎಷ್ಟು?

ಅಕ್ಟೋಬರ್-ನವೆಂಬರ್ ಬಂತೆಂದರೆ ಅರಬ್ ನಾಡುಗಳ ತರಕಾರಿ ಮಾರುಕಟ್ಟೆಗಳಿಗೆ ಹಸಿ ಝೈತೂನ್ ಕಾಯಿಗಳು ಬರುತ್ತವೆ. ಸೌದಿಯ ಉತ್ತರದಲ್ಲಿರುವ ಅಲ್ ಜೌಫ್ ಪ್ರಾಂತ್ಯವಂತೂ ಝೈತೂನ್ ತೋಟಗಳಿಗೇ ಹೆಸರಾದದ್ದು. ಗಲ್ಫ್‌ನಲ್ಲಿ ಸಂಸಾರ ಹೂಡಿರುವ ಸಹೋದರಿಯರೇ, ನೆರೆಮನೆಯ ಫೆಲೆಸ್ತೀನ್ ಅಥವಾ ಸಿರಿಯಾದ ಗೃಹಿಣಿಯಿಂದ ವಿಧಾನ ಕೇಳಿ ನೀವೂ ಒಂದು ಭರಣಿ ಹಾಕಿರಬಹುದು. ಕಲ್ಲಿನಿಂದ ಜಜ್ಜಿದ ಹಸಿರು ಕಾಯಿ, ಕಹಿ ಹೋಗಲು ಕೆಲವು ದಿನ ನೀರಿನ ಬದಲಾವಣೆ, ಆಮೇಲೆ ಉಪ್ಪುನೀರು, ನಿಂಬೆ ಹೋಳು, ಹಸಿಮೆಣಸು. ನೋಡಲು ನಮ್ಮ ನೀರುಪ್ಪಿನಕಾಯಿಯಂತೆಯೇ ಇದೆ.

ಆದರೆ ಒಂದು ವ್ಯತ್ಯಾಸವಿದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವಾಗ ನಮ್ಮ ಅಜ್ಜಿಯಂದಿರು ಏನನ್ನೂ ಅಳೆಯಲಿಲ್ಲ, ಅಳೆಯುವ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಮಿಡಿಯೇ ಹುಳಿ. ಝೈತೂನ್ ಕಾಯಿ ಕಹಿಯೇ ಹೊರತು ಹುಳಿಯಲ್ಲ. ಅದರ ಹುಳಿ ಭರಣಿಯೊಳಗೆ ಬ್ಯಾಕ್ಟೀರಿಯಾಗಳಿಂದ ನಿಧಾನವಾಗಿ ಹುಟ್ಟಬೇಕು, ಇಲ್ಲವೇ ನಾವು ವಿನೆಗರ್ ಹಾಕಿ ಕೊಡಬೇಕು. ಹುಳಿಯೂ ಸಾಲದೆ, ಉಪ್ಪೂ ಸಾಲದೆ, ಗಾಳಿಯಾಡದಂತೆ ಮುಚ್ಚಿಟ್ಟರೆ ಬೊಟುಲಿಸಂ ಎಂಬ ಮಾರಕ ಕಾಯಿಲೆಯ ವಿಷ ಅದರಲ್ಲಿ ಬೆಳೆಯಬಹುದು. 1919ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ನಗರದ ಔತಣವೊಂದರಲ್ಲಿ ಜಾಡಿಯ ಕಪ್ಪು ಝೈತೂನ್ ತಿಂದು 7 ಮಂದಿ ಸತ್ತರು. ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. 2011ರಲ್ಲಿ ಫಿನ್ಲೆಂಡಿನಲ್ಲಿ ಬಾದಾಮಿ ತುಂಬಿದ ಝೈತೂನ್‌ನಿಂದ ಇಬ್ಬರಿಗೆ ಇದೇ ಕಾಯಿಲೆ ತಗುಲಿ ಒಬ್ಬರು ಪ್ರಾಣ ಕಳೆದುಕೊಂಡರು. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಆದ್ದರಿಂದ ನಾಲಗೆಯನ್ನು ನಂಬುವಂತಿಲ್ಲ.

ಹುಳಿಯ ತೀಕ್ಷ್ಣತೆಯನ್ನು ಅಳೆಯುವ ಮಾನಕ್ಕೆ ಪಿಎಚ್ ಎನ್ನುತ್ತಾರೆ. ಅಂಕೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಕೆಳಗೆ ಆ ರೋಗಾಣು ಬೆಳೆಯಲಾರದು. ಮನೆಯ ಅಳತೆಯಲ್ಲಿ ಸ್ವಲ್ಪ ತಪ್ಪಾಗುವುದು ಸಹಜವಾದ್ದರಿಂದ 4.3 ಅಥವಾ ಅದಕ್ಕೂ ಕಡಿಮೆಯನ್ನು ಗುರಿಯಾಗಿಟ್ಟುಕೊಳ್ಳಿ. ಎಲ್ಲಕ್ಕಿಂತ ಅಗ್ಗದ ಸಾಧನ ಪಿಎಚ್ ಕಾಗದದ ಪಟ್ಟಿ. ಆದರೆ 1ರಿಂದ 14ರವರೆಗೆ ತೋರಿಸುವ ಪಟ್ಟಿ ಇಲ್ಲಿ ಪ್ರಯೋಜನವಿಲ್ಲ. ಅದರಲ್ಲಿ 4ಕ್ಕೂ 5ಕ್ಕೂ ನಡುವಿನ ಬಣ್ಣ ಗುರುತಿಸಲಾಗದು. 4ರ ಆಸುಪಾಸಿನ ಚಿಕ್ಕ ಅಂತರವನ್ನಷ್ಟೇ ತೋರಿಸುವ ಪಟ್ಟಿಯನ್ನೇ ಕೇಳಿ ಪಡೆಯಿರಿ. ದಾಸವಾಳದ ರಸದ ಬಣ್ಣ ನೋಡಿ ಹುಳಿ ಹೇಳುವ ಉಪಾಯ ಮಕ್ಕಳ ವಿಜ್ಞಾನ ಪ್ರಯೋಗಕ್ಕೆ ಚೆನ್ನ, ಊಟದ ಭರಣಿಗೆ ಬೇಡ. ಕಪ್ಪು ಝೈತೂನ್‌ನ ನೀರು ತಾನೇ ಬಣ್ಣದ್ದಾಗಿರುವುದರಿಂದ ಪಟ್ಟಿ ಅಲ್ಲಿ ಮೋಸಮಾಡುತ್ತದೆ. ಅದಕ್ಕೆ ಪೆನ್ನಿನಾಕಾರದ ಪಿಎಚ್ ಮೀಟರ್ ವಾಸಿ. ಅದರೊಂದಿಗೆ ಬರುವ 4 ಮತ್ತು 7ರ ಪುಡಿಗಳನ್ನು ನೀರಿನಲ್ಲಿ ಕದಡಿ, ಪ್ರತಿ ಸಲವೂ ಮೀಟರನ್ನು ಸರಿಹೊಂದಿಸಿಕೊಂಡೇ ಅಳೆಯಬೇಕು.

ಇನ್ನೊಂದು ಸಂಗತಿ. ಮೊದಲು ಹುಳಿಯಾಗುವುದು ನೀರು, ಕಾಯಿಯಲ್ಲ. ಆದ್ದರಿಂದ ಒಂದೆರಡು ಕಾಯಿಗಳನ್ನು ಬೀಜ ತೆಗೆದು, ಸ್ವಲ್ಪ ಭರಣಿಯ ನೀರಿನೊಂದಿಗೆ ಅರೆದು, ಅದರ ಪಿಎಚ್ ನೋಡಿ.

ಒಟ್ಟು ಹುಳಿ ಎಷ್ಟೆಂದು ತಿಳಿಯುವ ಆಸೆಯಿದ್ದರೆ ಡೈರಿಗಳಲ್ಲಿ ಹಾಲಿನ ಹುಳಿ ಅಳೆಯುವ ವಿಧಾನವೇ ಸಾಕು. ಭರಣಿಯ ನೀರು 10 ಮಿ.ಲೀ. ತೆಗೆದು ಶುದ್ಧ ನೀರಿನಿಂದ ತೆಳುಮಾಡಿ, ಎರಡು ಮೂರು ಹನಿ ಫಿನಾಲ್ಫ್ತಲೀನ್ ಹಾಕಿ. ಅದಕ್ಕೆ ಎನ್/9 ಬಲದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿ. ತಿಳಿ ಗುಲಾಬಿ ಬಣ್ಣ ನಿಂತಾಗ ನಿಲ್ಲಿಸಿ. ಖರ್ಚಾದ ಪ್ರತಿ ಮಿ.ಲೀ.ಗೆ ಶೇ. 0.1ರಷ್ಟು ಲ್ಯಾಕ್ಟಿಕ್ ಆಮ್ಲವೆಂದು ಲೆಕ್ಕ. 5 ಮಿ.ಲೀ. ಖರ್ಚಾದರೆ ಶೇ. 0.5. ಈ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಇರಲಿ, ಮಕ್ಕಳನ್ನು ದೂರವಿಡಿ. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಿ. ಆದರೆ ಸುರಕ್ಷತೆಯನ್ನು ನಿರ್ಧರಿಸುವುದು ಪಿಎಚ್ ಮಾತ್ರ ಎಂಬುದು ನೆನಪಿರಲಿ.

ಇನ್ನು ಉಪ್ಪು. ಚಮಚದ ಲೆಕ್ಕ ಬಿಡಿ, ಹರಳುಪ್ಪಿನ ಚಮಚಕ್ಕೂ ಪುಡಿಯುಪ್ಪಿನ ಚಮಚಕ್ಕೂ ತೂಕ ಬೇರೆ. ತಕ್ಕಡಿಯಲ್ಲಿ 100 ಗ್ರಾಂ ತೂಗಿ, ಒಟ್ಟು 1 ಲೀಟರ್ ಆಗುವಷ್ಟು ನೀರು ಸೇರಿಸಿದರೆ ಶೇ. 10ರ ಉಪ್ಪುನೀರು. ಹಸಿ ಮೊಟ್ಟೆ ತೇಲಿಸಿ ನೋಡುವ ಕ್ರಮ ಮೆಡಿಟರೇನಿಯನ್ ನಾಡುಗಳಲ್ಲೆಲ್ಲಾ ಇದೆ. ಹೊಸ ಮೊಟ್ಟೆ ತೇಲಿತೆಂದರೆ ಹೆಚ್ಚುಕಡಿಮೆ ಶೇ. 10ರಿಂದ 12. ಹಳೆಯ ಮೊಟ್ಟೆಯಾದರೆ ತೆಳು ಉಪ್ಪಿನಲ್ಲೂ ತೇಲಿ ನಿಮ್ಮನ್ನು ಏಮಾರಿಸುತ್ತದೆ.

ಹಾಕಿದ ಉಪ್ಪು ಹಾಗೆಯೇ ಉಳಿಯುವುದಿಲ್ಲ. ಕಾಯಿಯೊಳಗಿನ ನೀರು ಅದನ್ನು ಹಂಚಿಕೊಳ್ಳುತ್ತದೆ. 1 ಕಿಲೋ ಕಾಯಿಗೆ 1 ಲೀಟರ್ ಶೇ. 10ರ ನೀರು ಹಾಕಿದರೆ ಕೆಲವು ವಾರಗಳಲ್ಲಿ ಅದು ಶೇ. 6ರ ಆಸುಪಾಸಿಗೆ ಇಳಿಯುತ್ತದೆ. ಇದನ್ನು ತಿಳಿಯಲು ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಸಾಕು. 1 ಲೀಟರಿಗೆ 50 ಗ್ರಾಂ ಲೆಕ್ಕದ ಉಪ್ಪುನೀರು ಮಾಡಿ, ಅದರಲ್ಲಿ ಲ್ಯಾಕ್ಟೋಮೀಟರ್ ಎಲ್ಲಿವರೆಗೆ ಮುಳುಗುವುದೋ ಅಲ್ಲಿ ಗುರುತು ಮಾಡಿಕೊಳ್ಳಿ. ಭರಣಿಯ ನೀರಿನಲ್ಲಿ ಅದಕ್ಕಿಂತ ಹೆಚ್ಚು ಮುಳುಗಿದರೆ ಉಪ್ಪು ಖಂಡಿತ ಶೇ. 5ಕ್ಕಿಂತ ಕಡಿಮೆ. ಮೇಲೆದ್ದರೆ ಮಾತ್ರ ನಿಶ್ಚಿಂತರಾಗುವಂತಿಲ್ಲ. ಕಾಯಿಯಿಂದ ಬಿಟ್ಟ ಸಕ್ಕರೆ, ಆಮ್ಲಗಳೂ ನೀರನ್ನು ಭಾರವಾಗಿಸುತ್ತವೆ.

ಹಳೆಯ ಭರಣಿಗೆ, ಕುಡಿಯುವ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್ ಹೆಚ್ಚು ಅನುಕೂಲ. ಸಕ್ಕರೆಯನ್ನು ಅದು ಲೆಕ್ಕಿಸುವುದಿಲ್ಲ. ಭರಣಿಯ ನೀರು 1 ಮಿ.ಲೀ.ಗೆ ಶುದ್ಧೀಕರಿಸಿದ ನೀರು ಸೇರಿಸಿ 100 ಮಿ.ಲೀ. ಮಾಡಿ. ನೀವೇ ತೂಗಿ ಮಾಡಿದ ಶೇ. 6ರ ಉಪ್ಪುನೀರನ್ನೂ ಅಷ್ಟೇ ತೆಳುಮಾಡಿ, ಎರಡು ಅಂಕೆಗಳನ್ನು ಹೋಲಿಸಿ.

ಪಿಎಚ್ ತುಸು ಮೇಲಿದ್ದರೆ, ಭರಣಿ ಹಾಕಿದ ಹೊಸದರಲ್ಲೇ ವಿನೆಗರ್ ಸೇರಿಸಿ, ಕೆಲವು ದಿನ ಬಿಟ್ಟು ಕಾಯಿಯನ್ನು ಮತ್ತೆ ಪರೀಕ್ಷಿಸಿ. ಕಡಿಮೆ ಉಪ್ಪಿನಲ್ಲಿ, 4.6ಕ್ಕಿಂತ ಮೇಲೆ, ವಾರಗಟ್ಟಲೆ ಮುಚ್ಚಿಟ್ಟ ಭರಣಿಗೆ ಈಗ ವಿನೆಗರ್ ಸುರಿದು ಫಲವಿಲ್ಲ. ವಿಷ ಹುಟ್ಟಿದ್ದರೆ ಹುಳಿಯಿಂದ ಅದು ನಾಶವಾಗದು. ರುಚಿಯನ್ನೂ ನೋಡದೆ ಎಸೆದುಬಿಡಿ. ಹಾಗೆಯೇ, ನೀರಿನಲ್ಲಿ ನೆನೆಸಿ ಉಪ್ಪು ತೆಗೆದ ಝೈತೂನನ್ನು ಬೆಳ್ಳುಳ್ಳಿಯೊಡನೆ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಪಾಟಿನಲ್ಲಿ ಇಡುವ ರೂಢಿ ಬಿಡಿ. ಬೇಕಾದಷ್ಟನ್ನೇ ಮಾಡಿ ಫ್ರಿಜ್‌ನಲ್ಲಿಟ್ಟು, ಎರಡು ಮೂರು ದಿನಗಳಲ್ಲಿ ತಿಂದು ಮುಗಿಸಿ.