ಹಬ್ಬದ ಹಾಡಿನ ಧ್ವನಿಮುದ್ರಣ: ಯಾರ ದನಿ ಯಾವ ಟ್ರ್ಯಾಕಿಗೆ?



ಕ್ರಿಸ್ತಜಯಂತಿ ಹತ್ತಿರವಾದಂತೆ ಗಾನವೃಂದಗಳಲ್ಲಿ ಅಭ್ಯಾಸ ಬಿರುಸಾಗುತ್ತದೆ. "ಫಾದರ್, ಈ ಸಲ ನಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳೋಣ" ಎಂಬ ಮಾತೂ ಕೇಳಿಬರುತ್ತದೆ. ಒಳ್ಳೆಯ ಆಲೋಚನೆಯೇ. ಆದರೆ ಈ ಕೆಲಸದಲ್ಲಿ ನಾನು ಒಮ್ಮೆ ಎಡವಿದ್ದೇನೆ. ಆ ತಪ್ಪು ನಿಮ್ಮಿಂದ ಆಗದಿರಲೆಂದು ಈ ನಾಲ್ಕು ಮಾತು.

ಕೆಲವು ವರ್ಷಗಳ ಹಿಂದೆ ಒಂದು ಹಬ್ಬದ ಬಲಿಪೂಜೆಯಲ್ಲಿ, ಎಲ್ಲ ಮೈಕುಗಳ ದನಿಯನ್ನು ಧ್ವನಿವರ್ಧಕದ ಮಿಕ್ಸರ್‌ನಲ್ಲಿ ಒಂದುಗೂಡಿಸಿ, ಅಲ್ಲಿಂದ ಒಂದೇ ತಂತಿಯನ್ನು ರೆಕಾರ್ಡರಿಗೆ ಸಿಕ್ಕಿಸಿದೆ. ಅಂದು ಹಾಡಿದವರಲ್ಲಿ ಮೆಲುದನಿಯ ಒಬ್ಬ ಅಜ್ಜಿ ಇದ್ದರು. ಮರುವರ್ಷ ಅವರು ಪ್ರಭುವಿನ ಪಾದ ಸೇರಿದರು. ಮನೆಯವರು ಬಂದು, "ಅಮ್ಮನ ದನಿ ಒಮ್ಮೆ ಕೇಳಿಸಿ ಫಾದರ್" ಎಂದರು. ಹಾಕಿದರೆ, ಕೀಬೋರ್ಡಿನ ಅಬ್ಬರದಡಿ ಆ ದನಿಯನ್ನು ಹುಡುಕಬೇಕಾಯಿತು. ಕೀಬೋರ್ಡನ್ನು ತಗ್ಗಿಸಿದರೆ ಅಜ್ಜಿಯ ದನಿಯೂ ತಗ್ಗುತ್ತಿತ್ತು. ಎರಡೂ ಒಂದೇ ಟ್ರ್ಯಾಕಿನಲ್ಲಿದ್ದವು.

ಟ್ರ್ಯಾಕ್ ಎಂದರೇನು? ಹಬ್ಬದ ಊಟದಲ್ಲಿ ಅನ್ನ, ಸಾರು, ಪಲ್ಯಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ಇಡುತ್ತೇವೆ. ಬಡಿಸುವಾಗ ಯಾವುದು ಎಷ್ಟು ಎಂಬುದು ನಮ್ಮ ಕೈಯಲ್ಲಿರುತ್ತದೆ. ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕಲಸಿಬಿಟ್ಟರೆ ಸಾರಿನ ಉಪ್ಪನ್ನು ಮಾತ್ರ ಸರಿಪಡಿಸಲಾಗದು. ಟ್ರ್ಯಾಕ್ ಎಂಬುದು ಅಂಥ ಒಂದು ಪಾತ್ರೆ. ಇನ್‌ಪುಟ್ ಎಂಬುದು ಮೈಕಿನ ತಂತಿಯನ್ನು ಸಿಕ್ಕಿಸುವ ಜಾಗ. 1979ರಲ್ಲಿ ಟಾಸ್ಕಾಂ ಕಂಪನಿಯ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರ ಸಾಧಾರಣ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕುಗಳನ್ನು ಕೊಟ್ಟಿತು. ಈಗಿನ ಯಂತ್ರಗಳಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ಮೆಮೊರಿ ಕಾರ್ಡ್ ಬಂದಿದೆ.

ಯಾವ ಇನ್‌ಪುಟ್ ಯಾವ ಟ್ರ್ಯಾಕಿಗೆ ಹೋಗುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಟಾಸ್ಕಾಂ ಡಿಪಿ-008ರಲ್ಲಿ ಎಂಟು ಟ್ರ್ಯಾಕುಗಳಿದ್ದರೂ ಒಮ್ಮೆಗೆ ಎರಡರಲ್ಲಿ ಮಾತ್ರ ಮುದ್ರಿಸಬಹುದು. ಯಾವ ಎರಡು ಎಂಬುದನ್ನು ನಾವೇ ಆರಿಸಬೇಕು. ನಾನು ಬಳಸುವುದು 2009ರಲ್ಲಿ ಬಂದ ಝೂಮ್ ಆರ್-16. ಅದರಲ್ಲಿ 1ನೆಯ ಇನ್‌ಪುಟ್ 1ನೆಯ ಟ್ರ್ಯಾಕಿಗೆ, 2ನೆಯದು 2ನೆಯದಕ್ಕೆ, ಹೀಗೆ 8ರವರೆಗೆ. ಗುಂಡಿ ಒತ್ತಿ ಬದಲಿಸಿದರೆ ಅದೇ ಇನ್‌ಪುಟ್‌ಗಳು 9ರಿಂದ 16ರವರೆಗಿನ ಟ್ರ್ಯಾಕುಗಳಿಗೆ ಹೋಗುತ್ತವೆ. ಎಡವಿದ ಬಳಿಕ ನಾನು ಹಾಳೆಯಲ್ಲಿ ಬರೆದುಕೊಂಡ ಪಟ್ಟಿ ಇದು:

1 – ಗಿಟಾರ್ (ನೇರ ತಂತಿಯ ಗಿಟಾರಿಗೆ ತಕ್ಕ ಸ್ವಿಚ್ ಇಲ್ಲಿ ಮಾತ್ರ ಇದೆ)
2 – ಕೀಬೋರ್ಡ್
3 – ಮುಖ್ಯ ಗಾಯಕರು
4 – ತಬಲಾ
5 – ಸ್ತ್ರೀಯರು
6 – ಪುರುಷರು
7, 8 – ಯಂತ್ರದಲ್ಲೇ ಇರುವ ಎರಡು ಮೈಕುಗಳು, ಭಕ್ತಜನರ ದನಿಗೆ

ಕಂಡೆನ್ಸರ್ ಮೈಕಿಗೆ ರೆಕಾರ್ಡರಿನಿಂದ ವಿದ್ಯುತ್ ಬೇಕು. ಈ ಯಂತ್ರ ಅದನ್ನು 5 ಮತ್ತು 6ರಲ್ಲಿ ಮಾತ್ರ ಕೊಡುತ್ತದೆ. ಆದ್ದರಿಂದಲೇ ಗುಂಪುಗಳಿಗೆ ಆ ಎರಡನ್ನು ಇಟ್ಟೆ.

ಎರಡನೆಯ ಸಲ ತುಮಕೂರಿನ ಶಿರಾ ಗೇಟ್ ಬಳಿಯ ಒಂದು ಮನೆಯಲ್ಲಿ ಮುದ್ರಿಸಿದೆವು. ಹಗಲೆಲ್ಲ ಲಾರಿ, ಬಸ್ಸುಗಳ ಹಾರನ್. ಹಾಗಾಗಿ ರಾತ್ರಿ ಊಟ ಮುಗಿಸಿ ಕುಳಿತೆವು. ಗುಬ್ಬಿ, ಕುಣಿಗಲ್ ಕಡೆಯ ಗಾಯಕರಿಗೆ ಅಷ್ಟು ಹೊತ್ತು ನಿಲ್ಲಲಾಗಲಿಲ್ಲ. ಅವರು ಇನ್ನೊಂದು ದಿನ ಬಂದು, ಮೊದಲ ಎಂಟು ಟ್ರ್ಯಾಕುಗಳನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ 9 ಮತ್ತು 10ರಲ್ಲಿ ಹಾಡಿದರು. ಹೆಡ್‌ಫೋನ್ ಏಕೆ? ಸ್ಪೀಕರಿನಲ್ಲಿ ಕೇಳಿಸಿದರೆ ಹಳೆಯ ದನಿ ಹೊಸ ಮೈಕಿನೊಳಗೂ ನುಗ್ಗುತ್ತದೆ.

ಇನ್ನು ಎಚ್ಚರಿಕೆಗಳು. ಮುಗಿದ ಟ್ರ್ಯಾಕಿನ ಕೆಂಪು ದೀಪವನ್ನು ಆರಿಸಿರಿ. ಮರೆತರೆ ಹಳೆಯ ಹಾಡು ಅಳಿದು ಹೊಸದು ಕೂರುತ್ತದೆ. ಮುದ್ರಣದ ಮಟ್ಟವನ್ನು ಇನ್‌ಪುಟ್‌ನ ಗೇನ್ ತಿರುಪಿನಿಂದ ಸರಿಪಡಿಸಬೇಕು. ಕೆಳಗಿನ ಫೇಡರ್ ಬರೀ ಕೇಳಿಸುವ ದನಿಯನ್ನು ಏರಿಳಿಸುತ್ತದೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 5 ಎಂ.ಬಿ. ಬೇಕು. ಎಂಟು ಟ್ರ್ಯಾಕುಗಳ ಒಂದು ಗಂಟೆಗೆ ಸುಮಾರು 2.5 ಜಿ.ಬಿ. ಆಗುತ್ತದೆ.

"ಕಲಸಿಹೋದದ್ದನ್ನು ಈಗ ಕಂಪ್ಯೂಟರ್ ಬೇರ್ಪಡಿಸುತ್ತದಲ್ಲ?" ಎಂದು ಯುವಕರು ಕೇಳಬಹುದು. ನಿಜ. 1970ರ ದಶಕದ ಒಂದು ಕ್ಯಾಸೆಟ್ಟಿನಲ್ಲಿ ಪಿಯಾನೊ ಜೊತೆ ಬೆರೆತಿದ್ದ ಜಾನ್ ಲೆನನ್ನರ ದನಿಯನ್ನು ಹಾಗೆ ಬೇರ್ಪಡಿಸಿ, 2023ರಲ್ಲಿ ಬೀಟಲ್ಸ್ ತಂಡದ ಹಾಡೊಂದನ್ನು ಹೊರತಂದರು. ಅಜ್ಜಿಯ ಹಾಡಿನ ಮೇಲೂ ನಾವು ಅಂಥ ತಂತ್ರಾಂಶ ಪ್ರಯತ್ನಿಸಿದೆವು. ಕೀಬೋರ್ಡ್ ಹಿಂದೆ ಸರಿಯಿತು. ಆದರೆ ಅಜ್ಜಿಯ ದನಿ ಪಕ್ಕದ ಸ್ತ್ರೀಯರ ದನಿಗಳೊಡನೆ ಒಂದೇ ಮುದ್ದೆಯಾಗಿ ಉಳಿಯಿತು. ಮನೆಯವರು ಅದನ್ನೇ ಕಣ್ಣೀರಿಟ್ಟು ಕೇಳಿದರು.

ಆದ್ದರಿಂದ ಕೆಂಪು ಗುಂಡಿ ಒತ್ತುವ ಮೊದಲು ಹಾಳೆ ತೆಗೆದು ಪಟ್ಟಿ ಬರೆಯಿರಿ. ಒಬ್ಬೊಬ್ಬರ ಮೈಕನ್ನೂ ಮೆಲ್ಲಗೆ ತಟ್ಟಿ, ಯಾವ ಟ್ರ್ಯಾಕಿನ ಸೂಚಕ ಅಲುಗುತ್ತದೆಂದು ನೋಡಿರಿ. ನಿಮ್ಮ ಗಾನವೃಂದದಲ್ಲಿ ಎಲ್ಲರಿಗಿಂತ ಮೆಲ್ಲಗೆ ಹಾಡುವ ಹಿರಿಯರು ಯಾರು? ಬಿಡುವಾಗಿ ಅವರನ್ನು ಕೂರಿಸಿ, ಒಂದು ಟ್ರ್ಯಾಕನ್ನು ಅವರೊಬ್ಬರಿಗೇ ಇಡಿರಿ.